ಮೂರನೆಯ ಸಿಲಿಂಡರು

ಕೀಲಿ ತಿರುಗಿಸಿದಳು. ಎಂಜಿನ್ನು ಕೆಮ್ಮಿ, ಮೈ ಕೊಡವಿ, ಹೇಗೋ ಹೊತ್ತಿಕೊಂಡಿತು. ಮತ್ತೆ ಅದೇ ನಡುಕ.

"ಆಕ್ಸಿಲರೇಟರ್ ಒತ್ತಬೇಡ. ಸುಮ್ನೆ ಕೇಳಿಸ್ಕೊಂಡು ಹೇಳು."

"ಏನಂತ ಹೇಳ್ಲಿ?"

"ಸದ್ದು ಬದಲಾದ್ರೆ ಹೇಳು, ಸಾಕು."

ಎತ್ತಿ ನಿಲ್ಲಿಸಿದ ಬಾನೆಟ್ಟು ಇಬ್ಬರಿಗೂ ಮಧ್ಯೆ. ಸ್ಟೀರಿಂಗಿನ ಹಿಂದೆ ಕೂತ ಹೆಂಡತಿಯ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅದೇ ವಾಸಿ ಎನಿಸಿತು. ಇಬ್ಬರೂ ಒಂದೇ ಕೆಲಸಕ್ಕೆ ಕೂಡಿ ಇಷ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಇವತ್ತು ಹೆಂಡತಿಯನ್ನೂ ಮಗಳನ್ನೂ ದೂರದ ಊರಿಗೆ ಬಿಟ್ಟುಬರಬೇಕಿತ್ತು. ವರ್ಗ ಬಂತು ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಕೇಳಿ ತೆಗೆದುಕೊಂಡದ್ದು ಎಂಬುದು ಅವನಿಗೆ ಅವಳ ಆಫೀಸಿನವರಿಂದಲೇ ತಿಳಿದಿತ್ತು. ಅದರ ಬಗ್ಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅಡುಗೆಮನೆಯಲ್ಲಿ ಎದುರು ನಿಂತು ಆಡಲಾಗದ ಮಾತನ್ನು ದಾರಿಯಲ್ಲಿ, ಮುಂದಿನ ರಸ್ತೆ ನೋಡುತ್ತ, ಆಡಿಬಿಡಬಹುದು ಎಂದು ಅವನು ಲೆಕ್ಕ ಹಾಕಿದ್ದ: ಹೋಗಬೇಡ, ಇಲ್ಲವಾದರೆ ನಾನೂ ಬರುತ್ತೇನೆ. ಅದಕ್ಕೆ ಕಾರು ಓಡಬೇಕು.

ಕಾರಿಗೂ ವಯಸ್ಸಾಗಿತ್ತು. ಏರು ಬಂದರೆ ಏದುಸಿರು. ಪಿಕಪ್ ಇಲ್ಲವೆಂದು ಕಳೆದ ಭಾನುವಾರ ಎಂಜಿನ್ನಿನ ಮೇಲಿನ ಭಾಗ ಬಿಚ್ಚಿ, ಗಾಳಿ ಒಳಬಿಡುವ ಥ್ರಾಟಲ್ ತೊಳೆದು ಕೂರಿಸಿದ್ದ. ಅಂದಿನಿಂದ ಇನ್ನೂ ಕೆಟ್ಟಿತು. ಪ್ಲಗ್ ಬದಲಾಯಿಸಿದ, ಏರ್ ಫಿಲ್ಟರ್ ಬದಲಾಯಿಸಿದ, ಪೆಟ್ರೋಲ್ ಸರಿಯಿಲ್ಲವೆಂದು ಬಂಕಿನವನನ್ನು ಬೈದ. ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಹೋಗುವುದು ಅವನು ವರ್ಷಾನುಗಟ್ಟಲೆ ಕಲಿಸಿದ ವಿದ್ಯೆ.

ಈಗ ಉಳಿದದ್ದು ಇಂಜೆಕ್ಟರುಗಳು. ನಾಲ್ಕು ಸಿಲಿಂಡರು, ಪ್ರತಿಯೊಂದಕ್ಕೂ ಪೆಟ್ರೋಲ್ ಚಿಮ್ಮಿಸುವ ಒಂದು ಇಂಜೆಕ್ಟರು, ಅದರ ತಲೆಗೊಂದು ವೈರಿನ ಕನೆಕ್ಟರು. ಎಂಜಿನ್ನು ಓಡುತ್ತಿರುವಾಗಲೇ ಒಂದೊಂದನ್ನು ಕಿತ್ತು ನೋಡಬೇಕು. ಕಿತ್ತಾಗ ಎಂಜಿನ್ನು ತತ್ತರಿಸಿತೋ, ಆ ಸಿಲಿಂಡರು ದುಡಿಯುತ್ತಿದೆ ಎಂದರ್ಥ. ಕಿತ್ತರೂ ಏನೂ ಆಗಲಿಲ್ಲವೋ, ಅದು ಸತ್ತಿದೆ.

ಮೊದಲನೆಯದನ್ನು ಕಿತ್ತ. "ಈಗ?"

"ಜಾಸ್ತಿ ನಡುಗ್ತಿದೆ."

ಎರಡನೆಯದು. "ಈಗ?"

"ನಿಂತೇ ಹೋಗತ್ತೇನೋ. ಬೇಗ ಹಾಕಿ."

ಮೂರನೆಯದು. ಬೆರಳು ತಾಗಿದ್ದೇ ತಡ, ಕನೆಕ್ಟರು ಕೈಗೆ ಬಂತು. "ಈಗ?"

"ಏನೂ ವ್ಯತ್ಯಾಸ ಇಲ್ಲ."

ಅವನು ಬಗ್ಗಿ ನೋಡಿದ. ಇಂಜೆಕ್ಟರಿಗೆ ಏನೂ ಆಗಿರಲಿಲ್ಲ. ಥ್ರಾಟಲ್ ತೊಳೆದ ದಿನ ಈ ಕನೆಕ್ಟರನ್ನು ಅವನೇ ಅರ್ಧಕ್ಕೆ ಕೂರಿಸಿದ್ದ. ಅದರ ಕೊಕ್ಕೆ ಬಿದ್ದಿರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಲೋಕವನ್ನೆಲ್ಲ ಅನುಮಾನಿಸಿದವನಿಗೆ ತನ್ನ ಕೈಯನ್ನು ಅನುಮಾನಿಸಲು ಹೊಳೆದಿರಲಿಲ್ಲ. ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು.

ಒತ್ತಿದ. ಟಕ್.

ನಡುಕ ನಿಂತಿತು. ಎಂಜಿನ್ನು ಒಂದೇ ಶ್ರುತಿಗೆ ಬಂದು ತಣ್ಣಗೆ ಓಡತೊಡಗಿತು. ಅವನ ಎದೆ ಹಗುರಾಯಿತು. ಬಾನೆಟ್ಟಿನ ಆಚೆಗೆ ಕೇಳುವಂತೆ ಕೂಗಿದ:

"ಈಗ?"

ಎಂಜಿನ್ನು ಓಡುತ್ತಲೇ ಇತ್ತು.

"ಈಗ ಹೇಗಿದೆ?"

"ಹಾಗೇ ಇದೆ," ಎಂದಳು.

ಅವನು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. ಅವಳ ಕಾಲಡಿಯ ನಡುಕ ನಿಂತಿದೆ. ಕಣ್ಣೆದುರಿನ ಮೀಟರಿನ ಮುಳ್ಳು ಅಲುಗಾಡುತ್ತಿಲ್ಲ. ಕಿವುಡಿಗೂ ಗೊತ್ತಾಗುವಂಥದ್ದು.

ಮೆಟ್ಟಿಲ ಮೇಲೆ ಸೂಟ್‌ಕೇಸಿಗೆ ಒರಗಿ ಕೂತಿದ್ದ ಮಗಳು ತಲೆಯೆತ್ತಿದಳು. "ಅಮ್ಮಾ, ಸದ್ದು ಸರಿಹೋಯ್ತಲ್ಲ!"

"ನೀನು ಶೂ ಹಾಕ್ಕೋ."

ಸರಿಹೋಗಿದೆ ಎಂದು ಅವನು ಒಂದು ಮಾತು ಹೇಳಬಹುದಿತ್ತು. ಹೇಳಿದರೆ, ಹಾಗೇ ಇದೆ ಎಂದು ಯಾಕೆ ಅಂದೆ ಎಂದು ಕೇಳಬೇಕಾಗುತ್ತಿತ್ತು. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು. ಅವನಿಗೆ ಹೆದರಿಕೆಯಾಯಿತು.

"ಹಾಗಾದ್ರೆ ಇವತ್ತು ಆಗಲ್ಲ ಬಿಡು," ಎಂದ.

"ಹೂಂ. ತಮ್ಮನಿಗೆ ಫೋನ್ ಮಾಡ್ತೀನಿ."

ಎಂಜಿನ್ನು ಆರಿಸಿ ಇಳಿದಳು. ಇಳಿಯುವಾಗಲೂ ಅವನತ್ತ ನೋಡಲಿಲ್ಲ.

ಕೈಗೆ ಹತ್ತಿದ ಮಸಿಗೆ ಅವನು ಸೋಪು ತಿಕ್ಕುತ್ತಿರುವಾಗಲೇ ಗೇಟಿನ ಮುಂದೆ ಅವಳ ತಮ್ಮನ ಕಾರು ಬಂದು ನಿಂತಿತು. ಭಾವಮೈದುನನ ಮನೆ ಊರಿನ ಆ ತುದಿಗೆ.

"ಇಷ್ಟು ಬೇಗ ಬಂದ್ಯಾ?"

"ಇಲ್ಲೇ ತಿರುವಲ್ಲಿ ಟೀ ಕುಡೀತಿದ್ದೆ ಭಾವ. ಅಕ್ಕ ಬೆಳಿಗ್ಗೇನೇ ಹೇಳಿದ್ಳು, ಹತ್ರದಲ್ಲೇ ಇರು ಅಂತ..." ಎಂದವನು ನಾಲಿಗೆ ಕಚ್ಚಿಕೊಂಡು ಸೂಟ್‌ಕೇಸಿನ ಕಡೆ ನಡೆದ.

ಸಾಮಾನು ಹತ್ತಿತು. ಮಗಳು ಓಡಿಬಂದು ಅವನ ಸೊಂಟ ತಬ್ಬಿದಳು. ಅವಳ ಅಂಗಿಗೆ ನೀರಾದೀತೆಂದು ಅವನು ಒದ್ದೆ ಕೈಗಳನ್ನು ಮೇಲಕ್ಕೆತ್ತಿಯೇ ನಿಂತ.

"ಕಾರ್ ರಿಪೇರಿ ಮಾಡಿಸ್ಕೊಳ್ಳಿ," ಎಂದಳು ಹೆಂಡತಿ, ಬಾಗಿಲು ಎಳೆದುಕೊಳ್ಳುತ್ತ.

"ಮಾಡಿಸ್ತೀನಿ."

"ಊಟ ಬಿಡ್ಬೇಡಿ."

"ಹೂಂ."

ಕಾರು ತಿರುವು ದಾಟಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಮೇಲೆ ಹೋದರು. ಅವನು ಬಾನೆಟ್ಟು ಇಳಿಸಿದ, ಎರಡು ಕೈಯಿಂದ ಒತ್ತಿ ಗಟ್ಟಿಯಾಗಿ ಮುಚ್ಚಿದ. ಪಕ್ಕದ ಸೀಟಿನಲ್ಲಿ ಕೂತು, ಕೈಚಾಚಿ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಓಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ.

ಅವನು ಬೆಲ್ಟ್ ಎಳೆದು ಹಾಕಿಕೊಂಡ. ಎದುರಿಗೆ ಗೇಟು ತೆರೆದೇ ಇತ್ತು, ಆಚೆ ರಸ್ತೆ ನೆಟ್ಟಗೆ ಬಿದ್ದಿತ್ತು. ಮಡಿಲಲ್ಲಿ ಕೈಯಿಟ್ಟುಕೊಂಡು, ಸ್ಟೀರಿಂಗಿನ ಹಿಂದಿನ ಖಾಲಿ ಸೀಟಿನ ಪಕ್ಕದಲ್ಲಿ, ಹೊರಡುವುದನ್ನು ಕಾಯುತ್ತ ಕೂತ.