ಅರವತ್ತೊಂದನೆಯ ರಾತ್ರಿ

"ಸರ್, ನಿಮ್ಮ ಮೆಂಬರ್ ಕಾರ್ಡು ಬೆಳ್ಳಿ ಅಂತ ತೋರಿಸ್ತಿದೆ," ಎಂದಳು ಹೋಟೆಲಿನ ಸ್ವಾಗತದ ಮೇಜಿನ ಹುಡುಗಿ, ಪರದೆಯಿಂದ ಕಣ್ಣೆತ್ತದೆ.

"ಬೆಳ್ಳಿ ಅಲ್ಲಮ್ಮ, ಬಂಗಾರ. ಸರಿಯಾಗಿ ನೋಡಿ."

"ನೋಡಿದೆ ಸರ್. ಫೆಬ್ರವರಿ ಒಂದರಿಂದ ಬೆಳ್ಳಿ."

ಅವನು ಹೆಗಲ ಚೀಲವನ್ನು ಮೇಜಿನ ಮೇಲೆ ಕುಕ್ಕಿದ. ಒಳಗಿದ್ದ ಸ್ಪ್ಯಾನರ್‌ಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. "ಕಳೆದ ವರ್ಷ ಅರವತ್ತು ರಾತ್ರಿ ಉಳಿದ್ರೆ ಬಂಗಾರ ಅಂತ ಹೇಳಿದ್ದು ಯಾರು? ನೀವೇ. ನಾನು ಅರವತ್ತೊಂದು ಮಾಡಿದ್ದೀನಿ."

"ಹೊಸ ನಿಯಮ ಸರ್. ಈಗ ಎಪ್ಪತ್ತೈದು. ಕಳೆದ ವರ್ಷಕ್ಕೂ ಅದೇ ಲೆಕ್ಕ."

"ಓಡಿ ಗೆರೆ ಮುಟ್ಟಿದವನ ಮುಂದೆ ಇನ್ನೊಂದು ಗೆರೆ ಎಳೆದು, ಇನ್ನೂ ಸ್ವಲ್ಪ ಓಡಪ್ಪಾ ಅಂತೀರಲ್ಲ, ಇದು ನ್ಯಾಯವಾ?"

"ಇಮೇಲ್ ಕಳಿಸಿದ್ವಿ ಸರ್."

"ಕಳಿಸಿದ್ರಿ. ಮೇಲೆ ಏನು ಬರೆದಿತ್ತು ಗೊತ್ತಾ? 'ನಿಮಗೊಂದು ಶುಭಸುದ್ದಿ'!"

ಹಿಂದೆ ಸೂಟ್‌ಕೇಸ್ ಹಿಡಿದು ನಿಂತವನೊಬ್ಬ ನಕ್ಕ. ಹುಡುಗಿ ನಗಲಿಲ್ಲ. ಕೋಣೆಯ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಎರಡನೆಯ ಮಹಡಿ, ಲಿಫ್ಟಿನ ಪಕ್ಕ.

ಅವನ ಕೆಲಸವೇ ಲಿಫ್ಟು. ಕಂಪನಿಯ ತಪಾಸಣೆ ಎಂಜಿನಿಯರ್ ಆಗಿ ಎಂಟು ವರ್ಷದಿಂದ ಊರೂರು ಸುತ್ತುತ್ತಿದ್ದಾನೆ. ಬೆಳಿಗ್ಗೆ ತಾರಸಿಯ ಮೋಟಾರು ಕೋಣೆ, ಮಧ್ಯಾಹ್ನ ಲಿಫ್ಟಿನ ಬುಡದ ಗುಂಡಿ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು. ಯಾವ ಕಟ್ಟಡಕ್ಕೆ ಹೋದರೂ ಚೀಲ ಬಿಚ್ಚುವ ಮೊದಲೇ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಕೂಗಾಡಲು ಶುರುಮಾಡುತ್ತಾನೆ. ಅವನನ್ನು ಕಂಡು ಯಾರಾದರೂ ಎದ್ದು ನಿಲ್ಲುತ್ತಿದ್ದರೆ ಅದು ಈ ಒಂದು ಹೋಟೆಲ್ ಸಂಸ್ಥೆಯಲ್ಲಿ ಮಾತ್ರ. ಬಂಗಾರದ ಕಾರ್ಡು ನೋಡಿದ ಕೂಡಲೇ "ಮತ್ತೆ ಬಂದಿರಿ, ಸಂತೋಷ ಸರ್" ಎನ್ನುತ್ತಿದ್ದರು. ಮೇಲಿನ ಮಹಡಿಯ ಮೂಲೆಯ ಕೋಣೆ ಕೊಡುತ್ತಿದ್ದರು. ಬೆಳ್ಳಿಗೆ ಅದೇನೂ ಇಲ್ಲ. ಒಂದು ಬಾಟಲಿ ನೀರು ಇದೆ.

ಮಂಚದ ಮೇಲೆ ಕೂತರೆ ಗೋಡೆಯಾಚೆ ಲಿಫ್ಟು ನಿಲ್ಲುವ ಸದ್ದು. ಬ್ರೇಕು ಸವೆದಿದೆ ಎಂದು ಕಿವಿಗೇ ಗೊತ್ತಾಯಿತು. ಸವೆಯಲಿ, ನನಗೇನು, ಎಂದುಕೊಂಡ. ಹತ್ತು ನಿಮಿಷದ ನಂತರ ಕೆಳಗೆ ಫೋನ್ ಮಾಡಿ, ಬ್ರೇಕು ನೋಡಿಸಿ ಎಂದು ಬೈಯುವ ದನಿಯಲ್ಲೇ ಹೇಳಿದ.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಅದನ್ನು ಮೇಜಿನ ಹುಡುಗಿಗೆ ಹೇಳುವಂತಿರಲಿಲ್ಲ.

ಡಿಸೆಂಬರ್ ಕೊನೆಯ ವಾರ ಅವನ ಎಣಿಕೆ ಐವತ್ತೊಂಬತ್ತಕ್ಕೆ ನಿಂತಿತ್ತು. ಕಂಪನಿಗೆ ರಜೆ, ಟೂರ್ ಇಲ್ಲ. ಇಂಥ ಹೊತ್ತಿನಲ್ಲಿ ಸುತ್ತುವ ಕೆಲಸದವರು ಒಂದು ಉಪಾಯ ಮಾಡುತ್ತಾರೆ: ಸುಮ್ಮನೆ ಎಲ್ಲಾದರೂ ಒಂದು ಕೋಣೆ ಹಿಡಿದು ಮಲಗಿ ಬರುತ್ತಾರೆ. ಅವನ ಸಹೋದ್ಯೋಗಿಗಳು ಅದನ್ನು 'ಭರ್ತಿ ರಾತ್ರಿ' ಎನ್ನುತ್ತಿದ್ದರು. ಅವನೂ ಹೆಂಡತಿಗೆ ಟೂರ್ ಎಂದು ಹೇಳಿ ಶನಿವಾರ ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಹೊರಟ. ಹೋಗಿದ್ದು ತನ್ನದೇ ಊರಿನ, ಮನೆಯಿಂದ ಬಸ್ಸಿನಲ್ಲಿ ಹನ್ನೆರಡು ನಿಮಿಷದ ಹೋಟೆಲಿಗೆ. ಒಂದು ರಾತ್ರಿ ಸಾಕಿತ್ತು. ಎಣಿಕೆ ಎಲ್ಲಾದರೂ ತಪ್ಪಿದರೆ ಎಂದು ಎರಡು ಹಿಡಿದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೆಂಡತಿಯ ಫೋನ್ ಬಂತು. ಅವರ ಜೊತೆಗೇ ಇರುವ ಅವನ ಅತ್ತೆ, ಅವಳ ತಾಯಿ, ಮಂಚದಿಂದ ಇಳಿಯುವಾಗ ಬಿದ್ದಿದ್ದರು. ಸೊಂಟದ ಮೂಳೆ ಮುರಿದಂತಿತ್ತು. ಮನೆ ಐದನೆಯ ಮಹಡಿಯಲ್ಲಿ. ಕಟ್ಟಡದ ಲಿಫ್ಟು ಹಿಂದಿನ ಸಂಜೆಯಿಂದ ಮೂರನೆಯ ಮಹಡಿಯಲ್ಲಿ ಕೆಟ್ಟು ನಿಂತಿತ್ತು. ರಿಪೇರಿಯವನು ಫೋನ್ ಎತ್ತುತ್ತಿಲ್ಲ.

"ನೀವು ಎಷ್ಟೊತ್ತಿಗೆ ಬರಬಹುದು?" ಎಂದು ಅವಳು ಕೇಳಿದ್ದಳು.

"ಇಷ್ಟು ದೂರದಿಂದ ಹೇಗೆ ಬರಲಿ ಹೇಳು? ನಾಳೆ ಸಂಜೆ ಆಗುತ್ತೆ."

ಫೋನಿಟ್ಟು ಕಿಟಕಿಯ ಹತ್ತಿರ ನಿಂತ. ಒಂಬತ್ತನೆಯ ಮಹಡಿಯ ಮೂಲೆಯ ಕೋಣೆ. ಅಲ್ಲಿಂದ ತನ್ನ ಕಟ್ಟಡದ ನೀಲಿ ನೀರಿನ ಟ್ಯಾಂಕು ಕಾಣಿಸುತ್ತಿತ್ತು. ಲಿಫ್ಟಿನ ಬಾಗಿಲು ಬಿಡಿಸುವ ತ್ರಿಕೋನದ ಕೀ ಕಾಲ ಬಳಿಯ ಚೀಲದಲ್ಲೇ ಇತ್ತು. ಹನ್ನೆರಡು ನಿಮಿಷದಲ್ಲಿ ಹೋದರೆ, ಅಷ್ಟು ಬೇಗ ಎಲ್ಲಿಂದ ಬಂದಿರಿ ಎಂದು ಕೇಳುತ್ತಾಳೆ. ಹೋಗಲಿಲ್ಲ. ಸೋಮವಾರ ಸಂಜೆ ಮನೆಗೆ ಬಂದು ಬಾಗಿಲ ಲಾಕಿನ ಸಣ್ಣ ತಗಡನ್ನು ಉಜ್ಜಿ ಲಿಫ್ಟು ಓಡಿಸಿದ. ಹತ್ತು ನಿಮಿಷದ ಕೆಲಸ. ಕಟ್ಟಡದವರೆಲ್ಲ ಸೇರಿ ಚಪ್ಪಾಳೆ ತಟ್ಟಿದರು.

ಹಾಗೆ ಪಡೆದ ಬಂಗಾರವನ್ನು ಈಗ ಒಂದು ಇಮೇಲಿನಲ್ಲಿ ಕಿತ್ತುಕೊಂಡಿದ್ದರು.

ಫೋನಿನಲ್ಲಿ ಬೇರೊಂದು ಹೋಟೆಲ್ ಸಂಸ್ಥೆಯ ಜಾಹೀರಾತು ಸಿಕ್ಕಿತು. 'ನಿಮ್ಮ ನಿಷ್ಠೆಗೆ ಬೆಲೆ ಸಿಗಲಿಲ್ಲವೇ? ನಮ್ಮಲ್ಲಿಗೆ ಬನ್ನಿ. ಅಲ್ಲಿ ಕಳೆದ ವರ್ಷ ಅರವತ್ತು ರಾತ್ರಿ ಉಳಿದಿದ್ದರೆ ಇಲ್ಲಿ ಮೊದಲ ದಿನವೇ ಬಂಗಾರ.' ಹನ್ನೆರಡು ತಿಂಗಳಲ್ಲಿ ಉಳಿದ ಎಲ್ಲ ರಾತ್ರಿಗಳ ಪಟ್ಟಿಯನ್ನು, ದಿನಾಂಕ ಮತ್ತು ಹೋಟೆಲಿನ ವಿಳಾಸ ಸಮೇತ, ಶುಕ್ರವಾರದೊಳಗೆ ಕಳಿಸಬೇಕು. ಫೋನಿನಲ್ಲಿ ಆ ಪಟ್ಟಿ ತೆರೆಯಲೇ ಇಲ್ಲ. ಇನ್ನು ಮೂರು ದಿನ ಅವನು ಗುಂಡಿಯೊಳಗೆ, ಸಿಗ್ನಲ್ ಇರುವುದಿಲ್ಲ. ಹೆಂಡತಿಗೆ ಫೋನ್ ಮಾಡಿದ.

"ಮನೆ ಕಂಪ್ಯೂಟರಲ್ಲಿ ನನ್ನ ಖಾತೆ ತೆಗೆದು ಆ ಪಟ್ಟಿ ಇಳಿಸಿ ಕಳಿಸಿಬಿಡು. ಪಾಸ್‌ವರ್ಡ್ ನಿನಗೆ ಗೊತ್ತಲ್ಲ. ಎಂಟು ವರ್ಷ ಕಣೇ! ನಾಯಿಗಾದ್ರೂ ಇಷ್ಟು ವರ್ಷಕ್ಕೆ ಒಂದು ಮರ್ಯಾದೆ ಇರುತ್ತೆ. ಇವರಿಗೆ ನಿಯತ್ತೇ ಇಲ್ಲ."

"ಆಯ್ತು, ಕಿರುಚಬೇಡಿ. ಸ್ಪೀಕರಲ್ಲಿದ್ದೀರಿ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರೇ, ಟವೆಲ್ ನೆಲಕ್ಕೆ ಬಿಸಾಕೋದನ್ನ ಆ ಹೊಸ ಹೋಟೆಲಿನೋರಾದ್ರೂ ಬಿಡಿಸ್ತಾರಾ ಕೇಳಿ! ಇಲ್ಲಿ ನಿಮ್ಮ ಹೆಂಡ್ತಿಗೆ ಎತ್ತಿ ಎತ್ತಿ ಸಾಕಾಗಿದೆ."

"ಅತ್ತೆ, ಸಿಟ್ಟಲ್ಲಿದ್ದೀನಿ, ನಗಿಸಬೇಡಿ."

"ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲಪ್ಪ. ಊಟ ಮಾಡಿ."

ಸಿಟ್ಟಿನಲ್ಲಿ ಅವನಿಗೆ ನೆನಪಿದ್ದದ್ದು ಮೊತ್ತ ಮಾತ್ರ: ಅರವತ್ತೊಂದು. ಆ ಮೊತ್ತದೊಳಗೆ ಅರವತ್ತೊಂದು ಸಾಲುಗಳಿವೆ ಎಂಬುದು ಗುರುವಾರ ಮಧ್ಯಾಹ್ನ, ಗುಂಡಿಯಲ್ಲಿ ಕೂತು ಸ್ಪ್ರಿಂಗು ಅಳೆಯುವಾಗ ಹೊಳೆಯಿತು. ಟಾರ್ಚನ್ನು ಅಲ್ಲೇ ಬಿಟ್ಟು ಏಣಿ ಹತ್ತಿ ಬಂದು ಫೋನ್ ಮಾಡಿದ.

"ಕಳಿಸಿಬಿಟ್ಯಾ?"

"ಇನ್ನೂ ಇಲ್ಲ. ಓದ್ತಾ ಇದ್ದೀನಿ."

"ಅದರಲ್ಲಿ ಓದೋದೇನಿದೆ? ಹಾಗೇ ಕಳಿಸು. ಅಥವಾ ಬಿಡು, ನಾನೇ ಬಂದು ಕಳಿಸ್ತೀನಿ."

"ಹದಿನಾಲ್ಕು ವರ್ಷದಲ್ಲಿ ನಾನು ಓದದೆ ಒಂದು ಪುಟಾನೂ ಮುಂದೆ ಕಳಿಸಿಲ್ಲ," ಎಂದಳು. ಮತ್ತೆ ಫೋನ್ ಎತ್ತಲಿಲ್ಲ.

ಅವಳು ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾಳೆ. ಸಾಲಿನ ಕೆಳಗೆ ಸ್ಟೀಲಿನ ಅಡಿಪಟ್ಟಿ ಇಟ್ಟು, ಒಂದೊಂದೇ ಸಾಲು ಸರಿಸುತ್ತ ಓದುವುದು ಅವಳ ರೂಢಿ. ದಿನಸಿ ಚೀಟಿಯನ್ನೂ ಹಾಗೆಯೇ ಓದುತ್ತಾಳೆ. ಅಕ್ಷರ ತಪ್ಪಿದ್ದರೆ ತಾನೇ ತಿದ್ದುತ್ತಾಳೆ. ಸಂಗತಿಯೇ ಅನುಮಾನವಾದರೆ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಚಿಹ್ನೆ ಹಾಕಿ ಬರೆದವರಿಗೆ ವಾಪಸು ಕಳಿಸುತ್ತಾಳೆ. ಅವರು ಅದರ ಪಕ್ಕದಲ್ಲಿ ಉತ್ತರ ಬರೆಯುವ ತನಕ ಆ ಪುಟ ಮುಂದೆ ಹೋಗುವುದಿಲ್ಲ. ಅದು ಪ್ರೆಸ್ಸಿನ ನಿಯಮ.

ಶುಕ್ರವಾರ ಮೂರೂವರೆಗೆ ಅವನು ಮನೆ ಸೇರಿದ. ಊಟದ ಮೇಜಿನ ಮೇಲೆ ಮೂರು ಹಾಳೆ, ಅಡಿಪಟ್ಟಿ, ಕೆಂಪು ಪೆನ್ನು. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು.

"ಕೂತ್ಕೊಳ್ಳಿ ಸರ್," ಎಂದಳು ಹೆಂಡತಿ.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಸರ್ ಎಂದದ್ದು ಅದೇ ಮೊದಲು. ಚೀಲ ಇಳಿಸದೆಯೇ ಅವನು ಕೂತ.

ಅವಳು ಅಡಿಪಟ್ಟಿಯನ್ನು ಕೊನೆಯ ಹಾಳೆಯ ಮೇಲಿಟ್ಟಳು. ಪ್ರೆಸ್ಸಿನಲ್ಲಿ ಜೊತೆಗಾರರಿಗೆ ಓದಿ ಹೇಳುವ ಹಾಗೆ, ಏರಿಳಿತವಿಲ್ಲದೆ ಓದಿದಳು. "ಅರವತ್ತು. ಡಿಸೆಂಬರ್ ಇಪ್ಪತ್ತೇಳು, ಶನಿವಾರ. ಮೇಲ್ಸೇತುವೆ ರಸ್ತೆ. ಅರವತ್ತೊಂದು. ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ. ಮೇಲ್ಸೇತುವೆ ರಸ್ತೆ. ನಾನು ಪ್ರೆಸ್ಸಿಗೆ ಹೋಗೋ ಬಸ್ಸು ದಿನಾ ಅದರ ಮುಂದೇ ನಿಲ್ಲುತ್ತೆ."

"ಇಲ್ಲಿ ಕೇಳು. ಬೇರೆ ಯಾರೂ ಇರಲಿಲ್ಲ. ನಿನ್ನಾಣೆ."

"ಗೊತ್ತು. ಅತಿಥಿ ಒಬ್ಬರು ಅಂತ ಬರೆದಿದೆ. ಯಾರಾದ್ರೂ ಇದ್ದಿದ್ರೆ ಅದೊಂದು ಕಾರಣ ಅಂತಾದ್ರೂ ಆಗ್ತಿತ್ತು."

"ಬರೀ ಎಣಿಕೆಗೆ ಹೋಗಿದ್ದು. ಒಂದು ಕಡಿಮೆ ಬಿದ್ದಿತ್ತು."

"ಅದೂ ಅರ್ಥ ಆಯ್ತು. ಹುಚ್ಚು. ನಮ್ಮಪ್ಪ ಬೆಂಕಿಪೆಟ್ಟಿಗೆ ಚೀಟಿ ಕೂಡಿಡ್ತಿದ್ರು, ನೀವು ರಾತ್ರಿ ಕೂಡಿಡ್ತೀರಿ. ಅದಕ್ಕೇ ಅರವತ್ತರ ಪಕ್ಕ ನಾನೇನೂ ಗುರುತು ಹಾಕಿಲ್ಲ ನೋಡಿ." ಹಾಳೆಯನ್ನು ಅವನ ಕಡೆಗೆ ತಿರುಗಿಸಿದಳು. ಕೊನೆಯ ಸಾಲಿನ ಅಂಚಿನಲ್ಲಿ ಒಂದೇ ಒಂದು ಕೆಂಪು ಪ್ರಶ್ನೆಚಿಹ್ನೆ ಇತ್ತು. "ಅರವತ್ತು ಶನಿವಾರಕ್ಕೇ ಆಗಿತ್ತು. ಭಾನುವಾರ ಹತ್ತು ಗಂಟೆಗೆ ನಾನು ಫೋನ್ ಮಾಡಿದಾಗ ನಿಮ್ಮ ಬಂಗಾರ ನಿಮ್ಮ ಜೇಬಲ್ಲಿತ್ತು. ಹಾಗಾದ್ರೆ ಇದು ಯಾಕೆ?"

ಅವನು ಬಾಯಿ ತೆರೆದ. ಹೊರಬಂದದ್ದು ವಾರದಿಂದ ಬಾಯಲ್ಲಿದ್ದ ಮಾತೇ. "ನನ್ನೊಬ್ಬನದೇ ತಪ್ಪಾ? ಎಂಟು ವರ್ಷ ಒಂದು ಕಡೆ ನಿಯತ್ತಾಗಿದ್ದೆ. ಬೇರೆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಅವರೇ ನನಗೆ—"

"ಯಾರ ಹತ್ರ ನಿಯತ್ತಾಗಿದ್ರಿ?"

ಅವನು ಹೆಗಲ ಚೀಲದ ಪಟ್ಟಿ ಸರಿಸಿಕೊಂಡ.

"ನೂರಾ ಹತ್ತು ಮೆಟ್ಟಿಲು," ಎಂದಳು. ದನಿ ಏರಿರಲಿಲ್ಲ. "ಪ್ಲಾಸ್ಟಿಕ್ ಕುರ್ಚಿಗೆ ಬೆಡ್‌ಶೀಟಲ್ಲಿ ಕಟ್ಟಿ ಇಳಿಸಿದ್ವಿ. ಎದುರು ಮನೆ ಡ್ರೈವಿಂಗ್ ಮೇಷ್ಟ್ರು ಮುಂದೆ, ವಾಚ್‌ಮನ್ ಹಿಂದೆ. ಒಂದೊಂದು ಮೆಟ್ಟಿಲಿಗೂ ಅಮ್ಮ ತುಟಿ ಕಚ್ಚೋರು. ಮೂರನೇ ಮಹಡೀಲಿ ಲಿಫ್ಟಿನ ಮುಂದೆ ಸುಧಾರಿಸ್ಕೊಳ್ಳೋಕೆ ನಿಂತಾಗ ಏನಂದ್ರು ಗೊತ್ತಾ? 'ಅಳಿಯಂದ್ರು ಇದ್ದಿದ್ರೆ ಚಿಟಿಕೆ ಹೊಡೆಯೋದ್ರೊಳಗೆ ಓಡಿಸ್ತಿದ್ರು. ಪಾಪ, ಯಾವೂರಲ್ಲಿ ಯಾರ ಕೈಲಿ ಬೈಸ್ಕೊಳ್ತಿದಾರೋ.' ಪಾಪ ಅಂದ್ರು ನಿಮಗೆ. ಕುರ್ಚಿ ಮೇಲೆ ಕೂತು."

"ಬರಬೇಕು ಅಂತಾನೇ ಇದ್ದೆ..."

"ಸೋಮವಾರ ಚಪ್ಪಾಳೆ ತಟ್ಟಿದ್ರಲ್ಲ ಎಲ್ರೂ. ನಾನೂ ತಟ್ಟಿದೆ. ಈ ಕೈಯಲ್ಲೇ."

ಅವನ ಜೇಬಿನ ಫೋನು ಟಣ್ ಎಂದಿತು. ಎಲ್ಲಿ ನೋಡುವುದೆಂದು ತಿಳಿಯದೆ ಅದನ್ನೇ ತೆಗೆದು ನೋಡಿದ. ಹೊಸ ಹೋಟೆಲಿನ ಸಂದೇಶ. 'ಅಭಿನಂದನೆಗಳು! ನಿಮ್ಮ ನಿಷ್ಠೆಯನ್ನು ಪರಿಶೀಲಿಸಿ ದೃಢಪಡಿಸಲಾಗಿದೆ. ಬಂಗಾರದ ಸದಸ್ಯರಾಗಿ ನಿಮಗೆ ಸ್ವಾಗತ.'

"ಬಂತಾ? ಮಧ್ಯಾಹ್ನವೇ ಕಳಿಸಿದೆ," ಎಂದಳು. "ಒಂದಕ್ಷರ ತಿದ್ದಿಲ್ಲ. ಅವರಿಗೆ ಬೇಕಾಗಿದ್ದು ಲೆಕ್ಕ, ಲೆಕ್ಕ ಸರಿ ಇತ್ತು. ಇದು ನನ್ನ ಪ್ರತಿ. ಇದಕ್ಕೆ ಉತ್ತರ ಬರೀರಿ."

"ಬಾಯಲ್ಲೇ ಹೇಳ್ತೀನಿ."

"ಬಾಯಲ್ಲಿ ಬೇಡ. ಬಾಯಲ್ಲಿ ನೀವು 'ಇಷ್ಟು ದೂರದಿಂದ' ಅಂದಿದ್ದು ನನಗಿನ್ನೂ ಕಿವೀಲಿದೆ. ಬರೀರಿ. ಆಮೇಲೆ ಅದನ್ನ ಅಮ್ಮನಿಗೆ ನೀವೇ ಓದಿ ಹೇಳಿ. ನಾನು ಹೇಳಿಲ್ಲ, ಹೇಳೋದೂ ಇಲ್ಲ."

ಕೋಣೆಯ ಬಾಗಿಲು ತೆರೆಯಿತು. ನಾಲ್ಕು ಕಾಲಿನ ಊರುಗೋಲನ್ನು ಮುಂದಿಟ್ಟು, ಒಂದು ಕಾಲು ಎಳೆಯುತ್ತ ಅತ್ತೆ ಹೊರಬಂದರು. ನಾಲ್ಕು ಗಂಟೆಗೆ ಅವರಿಗೆ ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ. "ಬಂದ್ರಾ ಅಳಿಯಂದ್ರೇ? ಸಿಕ್ತಾ ನಿಮ್ಮ ಬಂಗಾರ?"

"ಸಿಕ್ತು ಅತ್ತೆ."

"ನೋಡಿ, ನಾನು ಹೇಳಲಿಲ್ವಾ? ಒಂದು ಕಡೆ ಹೋದ್ರೆ ಇನ್ನೊಂದು ಕಡೆ. ನಿಮ್ಮಂಥೋರಿಗೆ ಯಾರು ಬೇಡ ಅಂತಾರೆ?"

ಅವನು ಎದ್ದು ನಿಂತ. "ನಾನೂ ಬರ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ."

"ಬೇಡ," ಎಂದಳು ಹೆಂಡತಿ, ತಾಯಿಯ ಚಪ್ಪಲಿಯ ಪಟ್ಟಿ ಸರಿಪಡಿಸುತ್ತ. "ಬಾಗಿಲು ಬಿಡಿಸೋ ಆ ಕೀ ಚೀಲದಿಂದ ತೆಗೆದು ಮನೇಲಿಡಿ. ಹೇಗೆ ತಿರುಗಿಸೋದು ಅಂತ ಮೇಷ್ಟ್ರಿಗೆ ತೋರಿಸಿ. ಆಮೇಲೆ ನೀವು ಯಾವೂರಿಗೆ ಬೇಕಾದ್ರೂ ಹೋಗಿ."

"ಯಾಕೆ, ಲಿಫ್ಟು ಮತ್ತೆ ಕೆಟ್ಟಿದ್ಯಾ?" ಅತ್ತೆ ಕೇಳಿದರು.

"ಇಲ್ಲಮ್ಮ. ನಡಿ."

ಬಾಗಿಲು ಮುಚ್ಚಿತು. ಊರುಗೋಲಿನ ಸದ್ದು ಹೊರಗಿನ ಓಣಿಯಲ್ಲಿ ದೂರವಾಯಿತು. ಲಿಫ್ಟಿನ ಬಾಗಿಲು ತೆರೆದು, ಸ್ವಲ್ಪ ಹೊತ್ತು ಹಾಗೇ ಇದ್ದು, ಮುಚ್ಚಿಕೊಂಡಿತು. ಅವನು ಕಿವಿಯಲ್ಲೇ ಮಹಡಿಗಳನ್ನು ಎಣಿಸಿದ. ನಾಲ್ಕು. ಮೂರು. ಮೂರರ ಹತ್ತಿರ ಒಂದು ಸಣ್ಣ ಜಗ್ಗು. ನೋಡ್ತೀನಿ ಎಂದು ಡಿಸೆಂಬರಿನಿಂದ ಹೇಳುತ್ತಲೇ ಬಂದಿದ್ದ. ಎರಡು. ಒಂದು. ಆಮೇಲೆ ಸದ್ದಿಲ್ಲ.

ಚೀಲ ಇಳಿಸಿ, ಸ್ಪ್ಯಾನರ್‌ಗಳ ಅಡಿಯಿಂದ ಕೀ ಹುಡುಕಿ ತೆಗೆದ. ಬಾಗಿಲ ಪಕ್ಕದ ಮೊಳೆಗೆ, ಮನೆಯ ಬೀಗದಕೈಗಳ ಮೇಲೆ ತೂಗುಹಾಕಿದ. ಅದು ಗೋಡೆಗೆ ತಾಗುತ್ತ ಕೆಲಹೊತ್ತು ಅಲುಗಾಡಿ ನಿಂತಿತು. ಮೇಜಿನ ಮೇಲೆ ಮುಚ್ಚಳ ತೆಗೆದ ಕೆಂಪು ಪೆನ್ನು ಹಾಗೆಯೇ ಇತ್ತು, ಮೊನೆ ಅವನ ಖಾಲಿ ಕುರ್ಚಿಯ ಕಡೆಗೆ.