ಐದು ಮಧ್ಯಾಹ್ನ ಕೂತಿದ್ದ ಉಮಾನಾಥ

ಉಮಾನಾಥ ಕುರ್ಚಿಯ ಮೇಲೆ ಕೂತದ್ದನ್ನು ಹದಿನಾಲ್ಕು ವರ್ಷಗಳ ಸ್ನೇಹದಲ್ಲಿ ನಾನು ಐದು ದಿನ ಮಾತ್ರ ನೋಡಿದ್ದೇನೆ. ಕಾರು ಓಡಿಸುವಾಗ ಕೂರುತ್ತಿದ್ದ, ಅದು ಬೇರೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಮಲಗಿದ್ದ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರ ಮನೆಗೆ ಊಟಕ್ಕೆ ಬಂದರೂ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಕಿಟಕಿಯಿಂದ ಫ್ರಿಜ್ಜಿನವರೆಗೆ, ಫ್ರಿಜ್ಜಿನಿಂದ ಪುಸ್ತಕದ ಕಪಾಟಿನವರೆಗೆ ಓಡಾಡುತ್ತಲೇ ಸಾರನ್ನ ಉಣ್ಣುತ್ತಿದ್ದ, ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಹೆಂಗಸರು ಬೇಸರಪಟ್ಟುಕೊಂಡರೆ, "ಕೂತ್ರೆ ಕಾಲು ನನ್ನತ್ರ ಮಾತು ಬಿಡ್ತದೆ ಅಕ್ಕ" ಎನ್ನುತ್ತಿದ್ದ.

ಉಡುಪಿಯ ಕಡೆಯವನು. ಕೌಂಟಿ ಸರ್ಕಾರದ, ಅಂದರೆ ನಮ್ಮ ಜಿಲ್ಲಾಡಳಿತದಂಥದ್ದರ, ರಸ್ತೆ ಇಲಾಖೆಯಲ್ಲಿ ಎಂಜಿನಿಯರಾಗಿದ್ದ. ಬೇಸಿಗೆ ಚಳಿ ಎರಡಕ್ಕೂ ಅದೇ ಕಂದು ಕಾರ್ಡುರಾಯ್ ಕೋಟು. ಅದರ ಜೇಬುಗಳಲ್ಲಿ ಸೀಮೆಸುಣ್ಣ, ಅಳತೆಯ ಟೇಪು, ಹೆಬ್ಬೆರಳಿನಷ್ಟಾದ ಪೆನ್ಸಿಲ್ ಮೋಟುಗಳು. ಅವನ ಹೆಜ್ಜೆ ಸರಿಯಾಗಿ ಎರಡೂವರೆ ಅಡಿ. ಮಾತನಾಡುತ್ತ ಜೊತೆಗೆ ನಡೆಯುವಾಗ ತುಟಿ ಸಣ್ಣಗೆ ಅಲುಗುತ್ತಿದ್ದರೆ, ಇವನು ನನ್ನ ಮಾತು ಕೇಳುತ್ತಿಲ್ಲ, ರಸ್ತೆ ಅಳೆಯುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು.

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು, ಶಾಲೆ ಬಿಟ್ಟ ಮೇಲೆ ದಿನಕ್ಕೆ ಮೂರು ಗಂಟೆ, ಸಂಬಳ ಕೊಟ್ಟು ಸರ್ಕಾರಿ ಕೆಲಸ ಕಲಿಸುವ ಒಂದು ಯೋಜನೆ ಆ ಕೌಂಟಿಯಲ್ಲಿತ್ತು. ಇಲಾಖೆಯ ಬೇರೆಯವರು ಆ ಮಕ್ಕಳಿಂದ ಝೆರಾಕ್ಸ್ ಮಾಡಿಸುತ್ತಿದ್ದರು. ಉಮಾನಾಥ ರಸ್ತೆಗೆ ಕರೆದೊಯ್ಯುತ್ತಿದ್ದ. ನಮ್ಮ ಕನ್ನಡದ ಮನೆಗಳಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿರಲಿಲ್ಲ. ಮಗು ಬರ್ಕ್ಲಿ ಯೂನಿವರ್ಸಿಟಿಗೆ ಸೇರಬೇಕಾದ ವರ್ಷದಲ್ಲಿ ಕೂಲಿಗೆ ಹೋಗುವುದೇ? ಕ್ಯಾಂಪ್‌ಬೆಲ್‌ನಲ್ಲಿ ನನ್ನ ನೆರೆಯವನಾದ ಮೈಸೂರಿನ ಶ್ರೀಕಂಠ, ಮಗಳು ಊರ್ಮಿಳಾ ಹಟ ಹಿಡಿದಾಗ ಒಂದು ಮಧ್ಯದ ದಾರಿ ಹುಡುಕಿದ.

"ಸಂಬಳ ಬೇಡ ಬಿಡಿ ಉಮಾನಾಥ್. ಸೇವೆ ಥರ ಮಾಡ್ಲಿ, ಕಾಲೇಜ್ ಅಪ್ಲಿಕೇಶನ್ನಿಗೂ ಚೆನ್ನಾಗಿರುತ್ತೆ."

"ಬಿಟ್ಟಿ ಕೆಲಸ ಮಾಡುವವರನ್ನ ತಪ್ಪಾದ್ರೆ ಬೈಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದ ಉಮಾನಾಥ, ಶ್ರೀಕಂಠನ ಸೋಫಾಕ್ಕೆ ನಾಲ್ಕನೆಯ ಸುತ್ತು ಹಾಕುತ್ತ.

ಶ್ರೀಕಂಠ ಸೋತ, ಸೋತ ಮೇಲೆ ಹೆಮ್ಮೆಪಟ್ಟ. ಮಗಳಿಗೆ ಗೌರ್ಮೆಂಟ್ ಆಫೀಸಿನಲ್ಲಿ ಕೆಲಸ ಎಂದು ಯುಗಾದಿಯ ಕೂಟದಲ್ಲಿ ಎಲ್ಲರಿಗೂ ಹೇಳಿದ. ಅವನ ಕಣ್ಣಿನಲ್ಲಿದ್ದದ್ದು ಮೈಸೂರಿನ ಕಚೇರಿ: ಮೇಜು, ಫ್ಯಾನು, ಕೆಂಪು ದಾರದ ಫೈಲು.

ಅದು ೧೯೮೬ರ ವಸಂತ. ಊರಂಚಿನ ಆರು ಲೇನಿನ ರಸ್ತೆಯ ಒಂದು ಬದಿಗೆ ವಯಸ್ಸಾದವರ ಅಪಾರ್ಟ್‌ಮೆಂಟು, ಇನ್ನೊಂದು ಬದಿಗೆ ಗ್ರೋಸರಿ ಅಂಗಡಿ. ತಳ್ಳುಗಾಡಿ ಹಿಡಿದ ಒಬ್ಬ ಮುದುಕಿ ಅರ್ಧ ದಾಟಿ, ನಡುವಿನ ಗೇಣಗಲದ ಕಟ್ಟೆಯ ಮೇಲೆ ಎರಡೂ ಕಡೆಯ ಕಾರುಗಳ ಗಾಳಿಗೆ ಸ್ಕಾರ್ಫು ಹಿಡಿದುಕೊಂಡು ನಿಂತದ್ದನ್ನು ಉಮಾನಾಥ ಹಿಂದಿನ ವರ್ಷ ಕಂಡಿದ್ದ. ಅಂದಿನಿಂದ ಅವನಿಗೆ ಚಡಪಡಿಕೆ. ಯಾರಾದರೂ ಸಾಯುವುದರೊಳಗೆ ಅಲ್ಲಿಗೊಂದು ಸಿಗ್ನಲ್ ಬರಬೇಕು. ಬರಬೇಕಾದರೆ ವಾರದ ಐದು ಮಧ್ಯಾಹ್ನ ಸೇರಿ ಐನೂರು ಜನ ಕಾಲ್ನಡಿಗೆಯಲ್ಲಿ ದಾಟಿದ್ದಕ್ಕೆ ದಾಖಲೆ ಬೇಕು. ಅರ್ಜಿ ವರ್ಷಕ್ಕೆ ಒಂದೇ ಸಲ, ಜೂನ್ ಮಧ್ಯದೊಳಗೆ. ಮೇ ತಿಂಗಳ ಕೊನೆಯ ವಾರ, ತನ್ನ ತರಬೇತಿಯ ಕೊನೆಯ ವಾರ, ಊರ್ಮಿಳಾ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಅಪಾರ್ಟ್‌ಮೆಂಟಿನ ಕಡೆಯ ಫುಟ್‌ಪಾತಿನಲ್ಲಿ ಮಡಚುಕುರ್ಚಿ ಹಾಕಿಕೊಂಡು, ದಾಟಿದವರಿಗೆ ತಲಾ ಒಂದು ಗೆರೆ ಎಳೆಯುತ್ತ ಕೂತಳು.

ಮೊದಲ ದಿನವೇ ಶ್ರೀಕಂಠ ಆ ದಾರಿಯಲ್ಲಿ ಬಂದ.

"ಏನ್ರೀ ಇದು, ಗೌರ್ಮೆಂಟ್ ಕೆಲಸ ಅಂದ್ರಿ, ರೋಡ್ ಸೈಡಲ್ಲಿ ಕೂರಿಸಿದ್ದೀರಲ್ಲ ನನ್ನ ಮಗಳನ್ನ?" ಎಂದು ಫೋನು ಮಾಡಿದ.

"ರೋಡೂ ಗೌರ್ಮೆಂಟಿದ್ದೇ ಅಲ್ವಾ."

ಮಗಳು ಏಳಲೊಪ್ಪಲಿಲ್ಲ. ಏಳದ ಮಗಳನ್ನು ನಮ್ಮವರು ಇನ್ನೇನು ಮಾಡಬಲ್ಲರು? ಉಪಚಾರ ಮಾಡಿದೆವು. ತಾಯಿ ರಮಾ ಮೂರು ಗಂಟೆಗೆ ಚಿತ್ರಾನ್ನದ ಡಬ್ಬಿ ತಂದಳು. ಆಫೀಸು ಮುಗಿಸಿ ಶ್ರೀಕಂಠ ಫ್ಲಾಸ್ಕಿನಲ್ಲಿ ಕಾಫಿ ತಂದ. ಒಂದು ದಿನ ಬಿಸಿಲು ಹೆಚ್ಚೆಂದು ನಾನು ಕೊಡೆ ಕೊಟ್ಟು ಬಂದೆ, ಮರುದಿನ ಕೊಡೆ ಹೇಗಿದೆಯೆಂದು ನೋಡಿ ಬಂದೆ. ಕಾರು ನಿಲ್ಲಿಸಲು ಜಾಗವಿದ್ದದ್ದು ಗ್ರೋಸರಿಯ ಕಡೆ ಮಾತ್ರ. ನಾವೆಲ್ಲ ದಾಟಿ ಹೋದೆವು, ದಾಟಿ ಬಂದೆವು.

ಶುಕ್ರವಾರ ಸಂಜೆ ಒಟ್ಟು ಐನೂರ ಹನ್ನೆರಡಾಯಿತು. ಉಮಾನಾಥ ಸಂತೋಷದಿಂದ ಆಫೀಸಿನ ತುಂಬ ನಡೆದನಂತೆ, ಒಂದೊಂದೇ ಹಾಳೆ ತಿರುವುತ್ತ. ನಾಲ್ಕನೆಯ ಹಾಳೆಯ ಅಂಚಿನಲ್ಲಿ ಹಳದಿ ಬೆರಳಚ್ಚು ಕಂಡು ನಿಂತ. ಮೂಸಿ ನೋಡಿದ.

"ಇದು ಅರಿಸಿನ ಅಲ್ವಾ ಮಗಾ? ಯಾರು ಬಂದಿದ್ರು?"

"ಮಾಮ್. ಆಮೇಲೆ ಡ್ಯಾಡ್. ಆ ಅಂಬ್ರೆಲಾ ಅಂಕಲ್."

"ಅವರಿಗೂ ಗೆರೆ ಹಾಕಿದಿಯಾ?"

"ಅಫ್‌ಕೋರ್ಸ್. ದೇ ಡಿಡ್ ಕ್ರಾಸ್, ಅಂಕಲ್."

"ದಾಟಿದ್ದು ಹೌದು. ನೀನು ಅಲ್ಲಿ ಇಲ್ಲದಿದ್ರೆ ದಾಟ್ತಿದ್ರಾ?"

ಹುಡುಗಿ, ಅಂಥ ಗೆರೆ ಮೂವತ್ತಿರಬಹುದು, ನಲವತ್ತೂ ಇರಬಹುದು ಎಂದಳಂತೆ. ಕಳೆದು ಹಾಕೋಣವೆಂದರೆ ಗೆರೆಗಳಿಗೆ ಹೆಸರಿಲ್ಲ. ಉಮಾನಾಥ ಐದೂ ಹಾಳೆಗಳನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ. ಮತ್ತೊಂದು ವಾರ ತಾನೇ ಕೂರುತ್ತೇನೆ, ಸಂಬಳ ಬೇಡ ಎಂದು ಊರ್ಮಿಳಾ ಅತ್ತುಕೊಂಡು ಕೇಳಿದ್ದಕ್ಕೆ, "ನಿನ್ನ ಕೆಲಸ ಇವತ್ತಿಗೆ ಮುಗೀತು. ಸಂಬಳ ಇಲ್ಲದೆ ಕೂರಿಸ್ಲಿಕ್ಕೆ ಇಲ್ಲ" ಎಂದ. ಬೈಯಲಿಲ್ಲ. ಬೈಸಿಕೊಂಡವರು ನಾವು. ಆ ರಾತ್ರಿ ಎರಡೂ ಮನೆಗೆ ಫೋನು ಬಂತು: ಮುಂದಿನ ವಾರ ಆ ರಸ್ತೆಯ ಹತ್ತಿರ ಒಬ್ಬ ಕನ್ನಡದವನೂ ಕಾಣಿಸಿಕೊಳ್ಳಕೂಡದು.

ಅವನು ಐದು ಮಧ್ಯಾಹ್ನ ರಜೆ ಹಾಕಿ ಆ ಮಡಚುಕುರ್ಚಿಯ ಮೇಲೆ ಕೂತ. ನಾನು ದಿನವೂ ಗ್ರೋಸರಿಯ ಪಾರ್ಕಿಂಗಿನಲ್ಲಿ ಕಾರಿನೊಳಗೇ ಇದ್ದು ನೋಡಿದೆ, ಇಳಿಯಲಿಲ್ಲ, ದಾಟಲಿಲ್ಲ. ಪಂಜರದಲ್ಲಿಟ್ಟ ಹಾಗೆ ಕೂತಿದ್ದ. ಬಲಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಅದನ್ನು ಎಡಗೈಯಿಂದ ಒತ್ತಿ ಹಿಡಿದು ಬಲಗೈಯಿಂದ ಗೆರೆ ಎಳೆಯುತ್ತಿದ್ದ. ಮೂರನೆಯ ದಿನ ತಳ್ಳುಗಾಡಿಯ ಮುದುಕಿ ನಡುವಿನ ಕಟ್ಟೆಯ ಮೇಲೆ ಸಿಕ್ಕಿಬಿದ್ದಳು. ಉಮಾನಾಥ ಎದ್ದು ನಿಂತ. ಎರಡು ಹೆಜ್ಜೆ ರಸ್ತೆಗಿಳಿದು, ಕೈಯೆತ್ತಿ, ಒಂದು ಲಾರಿಯನ್ನು ತಡೆದು, ಅವಳು ತನ್ನ ಕುರ್ಚಿಯ ಬದಿ ತಲುಪುವವರೆಗೆ ಹಾಗೇ ನಿಂತಿದ್ದು, ಮರಳಿ ಕೂತು ಒಂದೇ ಗೆರೆ ಎಳೆದ.

ಒಟ್ಟು ನಾನೂರ ಎಂಬತ್ತೆಂಟು.

"ಹನ್ನೆರಡು ಗೆರೆ ತಾನೇ! ಪೆನ್ಸಿಲ್ ನಿಮ್ಮ ಕೈಯಲ್ಲೇ ಇತ್ತಲ್ರೀ" ಎಂದು ಶ್ರೀಕಂಠ ನನ್ನ ಮನೆಯಲ್ಲೇ ಸಿಡಿದ. "ನಾಳೆ ಆ ಮುದುಕಿಗೆ ಏನಾದ್ರೂ ಆದ್ರೆ?"

ಕಿಟಕಿಯ ಬಳಿ ಉಮಾನಾಥನ ನಡಿಗೆ ನಿಂತಿತು. ಆ ಪ್ರಶ್ನೆ ಅವನಿಗೆ ಹೊಸದಲ್ಲವೆಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

"ಹನ್ನೆರಡು ನಾನು ಹಾಕ್ತೇನೆ ಮಾರಾಯ್ರೆ. ಆಮೇಲೆ ನಿಮ್ಮ ಮಗಳಿಗೆ ಎಂಥ ಹೇಳುದು?" ಎಂದ. ಮತ್ತೆ ನಡೆಯತೊಡಗಿ, "ಎಣಿಸುವಾಗ ನಾವು ದಾಟಬಾರದಿತ್ತು. ಈಗ ಎಣಿಕೆ ಮುಗೀತಲ್ಲ, ಈಗ ದಾಟಬಹುದು" ಎಂದ.

ಅವನು ಹೇಳಿದ್ದು ಮಾತಿಗಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಆ ವರ್ಷ ಸಿಗ್ನಲ್ ಸಿಗಲಿಲ್ಲ. ಉಮಾನಾಥ ಮಾತ್ರ ಆಫೀಸು ಬಿಟ್ಟವನು ನೇರ ಅಲ್ಲಿಗೆ ಹೋಗಿ, ಗ್ರೋಸರಿಯಿಂದ ಹೊರಡುವ ವೃದ್ಧರಿಗೆ ಒಂದು ಗಂಟೆ ಕಾದು, ಕಂದು ಕೋಟಿನ ತೋಳೆತ್ತಿ ದಾಟಿಸುತ್ತಿದ್ದ, ವರ್ಷವಿಡೀ. ಕ್ರಮೇಣ ಶ್ರೀಕಂಠನೂ ಬಂದ, ಮೊದಲು ಜಗಳವಾಡಲು, ಆಮೇಲೆ ಸುಮ್ಮನೆ. ಮರುವರ್ಷದ ಎಣಿಕೆಯ ವಾರ ಇಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಬೇರೆ ಹುಡುಗನೊಬ್ಬ ಕೂತು ಐನೂರ ನಲವತ್ತು ಎಣಿಸಿದ. ಕಂಬ ನೆಟ್ಟಾಗ ೮೭ರ ಚಳಿಗಾಲ; ದೀಪ ಹತ್ತುವ ಮೊದಲೇ ಉಮಾನಾಥನ ಹೃದಯ ನಿಂತಿತು.

ಸಂತಾಪಕ್ಕೆ ಬರ್ಕ್ಲಿಯಿಂದ ಬಂದ ಊರ್ಮಿಳಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವನ ಕೋಟಿನ ಜೇಬಿನಲ್ಲಿ ಆ ಐದು ಹಾಳೆಗಳು ಹಾಗೇ ಇದ್ದವು. ಹಳದಿ ಅಂಚಿನದನ್ನು ಅವಳು ಕೇಳಿ ಪಡೆದಳು. ಆ ಹಾಳೆಗಳಲ್ಲಿ ನನ್ನವೂ ನಾಲ್ಕು ಗೆರೆಗಳಿವೆ. ಯಾವುವೆಂದು ಯಾರೂ ಹೇಳಲಾರರು.

ಇಂಥವರ ಸ್ನೇಹ ಸುಖದ್ದೆಂದು ನಾನು ಹೇಳಲಾರೆ. ನಾವು ಪ್ರೀತಿಯೆಂದುಕೊಂಡು ಮಾಡಿದ್ದನ್ನು ಅವರು ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ; ಹಾಗೆ ಇಟ್ಟದ್ದರ ನಷ್ಟವನ್ನು ಮಾತ್ರ ಯಾರಿಗೂ ಹೇಳದೆ ತಮ್ಮ ಕಾಲಿನಿಂದಲೇ ತೀರಿಸುತ್ತಾರೆ. ಅವರಿದ್ದಷ್ಟು ಕಾಲ, ಇವರು ಒಂದು ಗಳಿಗೆ ಕೂತರೆ ನಮಗೂ ನೆಮ್ಮದಿ ಎನ್ನಿಸುತ್ತಿರುತ್ತದೆ. ಈಗ ಆ ರಸ್ತೆಯಲ್ಲಿ ದೀಪ ಕೆಂಪಾಗುತ್ತದೆ, ಆರೂ ಲೇನು ನಿಲ್ಲುತ್ತವೆ, ಯಾರೂ ಕೈಯೆತ್ತಬೇಕಾಗಿಲ್ಲ. ಆದರೂ ಸಂಜೆಯಾದರೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ.