ರಸ್ಕ್ ಹಾಡಿನ ಕೊನೆಯ ನುಡಿ

ನಮ್ಮ ಬೀದಿಯಲ್ಲಿ ಕವಿ ಎಂದರೆ ನಾನು. ಆ ಹುದ್ದೆಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ, ಹಾಗಾಗಿ ಸುಲಭಕ್ಕೆ ಸಿಕ್ಕಿತು. ನಮ್ಮ ಬೇಕರಿಯ ಗಲ್ಲಾದ ಮುಂದೆ ಕೂತು ಬರೆದದ್ದನ್ನೆಲ್ಲ ಸೇರಿಸಿ ಒಂದು ಸಂಕಲನ ಅಚ್ಚು ಹಾಕಿಸಿದ್ದೆ. ಮಾರಾಟವಾಗದೆ ಅಟ್ಟ ಸೇರಿದ ಪ್ರತಿಗಳ ಹಾಳೆ ಹರಿದು ಬನ್ ಸುತ್ತಿಕೊಡಲು ಶುರು ಮಾಡಿದವಳು ನನ್ನ ಹೆಂಡತಿ. ಊರಿನವರು ನನ್ನ ಕಾವ್ಯವನ್ನು ಕೈಯಲ್ಲಿ ಹಿಡಿದದ್ದು ಆಮೇಲೆಯೇ. ಬನ್ನಿನ ಬೆಣ್ಣೆ ಹತ್ತಿದರೆ ಹಾಳೆಯ ಹಿಂಬದಿಯ ಕವಿತೆಯೂ ಈಚೆ ಕಾಣುತ್ತಿತ್ತು. ಒಂದು ಬನ್ನಿಗೆ ಎರಡು ಕವಿತೆ ಕೊಡುವ ಬೇಕರಿ ಇನ್ನೆಲ್ಲೂ ಇರಲಾರದು.

ನಾನು ಹೊರಗೆ, ಅವಳು ಮತ್ತು ಅವಳ ತಂಗಿ ಒಳಗೆ ಒಲೆಯ ಮುಂದೆ. ಹೊತ್ತು ತಿಳಿಯಲಿ ಎಂದು ಒಮ್ಮೆ ಗಂಟೆ ಬಾರಿಸುವ ಗಡಿಯಾರ ತಂದುಕೊಟ್ಟೆ. ಒಲೆಯ ಕಾವಿಗೆ ಅದು ಸೊಟ್ಟಗಾಗಿ, ಮನಸ್ಸಿಗೆ ಬಂದಾಗ ಬಾರಿಸತೊಡಗಿತು. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳ ಗಡಿಯಾರ ಅವಳ ಬಾಯಲ್ಲೇ ಇತ್ತು. ಬನ್ನಿಗೊಂದು ಹಾಡು, ಬ್ರೆಡ್ಡಿಗೊಂದು, ರಸ್ಕಿಗೊಂದು. ತಟ್ಟೆಯನ್ನು ಒಳಗೆ ತಳ್ಳಿದ ಕೂಡಲೇ ಹಾಡು ಶುರು, ಹಾಡು ಮುಗಿದರೆ ತಟ್ಟೆ ಹೊರಗೆ. ಬೆಂಕಿ ಮಂದವಿದ್ದ ದಿನ ರಾಗವನ್ನು ಸ್ವಲ್ಪ ಎಳೆಯುತ್ತಿದ್ದಳು.

ಯಾವುದೋ ಅಜ್ಜಿಯ ಕಾಲದ ಹಾಡುಗಳಿರಬೇಕು ಎಂದುಕೊಂಡಿದ್ದೆ. ಕೇಳುವ ಗೋಜಿಗೆ ಹೋಗಲಿಲ್ಲ. ಪ್ರಾಸ ತಪ್ಪುತ್ತದೆ, ಸ್ವಲ್ಪ ಮೆಲ್ಲಗೆ ಹಾಡು ಎಂದು ಮಾತ್ರ ಗಲ್ಲಾದಿಂದಲೇ ಕೂಗುತ್ತಿದ್ದೆ. ಅವಳು ದನಿ ತಗ್ಗಿಸುತ್ತಿದ್ದಳು. ಆದರೂ ನನ್ನ ಪ್ರಾಸ ತಪ್ಪುತ್ತಿತ್ತು.

ಹೋದ ಚಳಿಗಾಲ ಎದೆಯಲ್ಲಿ ಕಫ ಕಟ್ಟಿದೆ ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ. ಮತ್ತೆ ಬೇಕರಿ ತೆರೆದ ದಿನ ನಾನು ಕೈಗಡಿಯಾರ ಕಟ್ಟಿಕೊಂಡು ಒಲೆಯ ಮುಂದೆ ನಿಂತೆ. ಬನ್ನು ಇದ್ದಿಲಾಯಿತು. ನಾದಿನಿ ನನ್ನನ್ನು ಪಕ್ಕಕ್ಕೆ ಸರಿಸಿ ತಟ್ಟೆ ತಳ್ಳಿ ಅಕ್ಕನ ಹಾಡು ಎತ್ತಿಕೊಂಡಳು. ಬನ್ನು ಹದವಾಗಿ ಬಂತು. ಈ ಹಾಡು ಯಾರದ್ದು ಎಂದು ನಾನು ಆವತ್ತು ಮೊದಲ ಸಲ ಕೇಳಿದೆ.

"ಅಕ್ಕಂದೇ ಭಾವ. ಎಲ್ಲಾನೂ ಇಲ್ಲೇ ನಿಂತು ಕಟ್ಟಿದ್ದು. ನಿಮಗೆ ಗೊತ್ತಿಲ್ವಾ?" ಎಂದಳು.

ದೀಪದ ಕೆಳಗೆ ಕತ್ತಲೆ ಅನ್ನುತ್ತಾರೆ. ನಮ್ಮಲ್ಲಿ ದೀಪ ಒಳಗಿತ್ತು. ಗಲ್ಲಾದಲ್ಲಿ ಕೂತಿದ್ದ ಕತ್ತಲೆ ತಾನೇ ದೀಪ ಎಂದುಕೊಂಡಿತ್ತು.

ಇಷ್ಟಕ್ಕೇ ನನಗೆ ಬುದ್ಧಿ ಬಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬ್ರೆಡ್ ಕೊಳ್ಳಲು ಬಂದ ರೇಡಿಯೋ ಮೇಡಂ ಒಬ್ಬರು ಒಳಗಿನ ಹಾಡು ಕೇಳಿ ನಿಂತುಬಿಟ್ಟರು. ನಾದಿನಿ ಬನ್ನಿನ ಹಾಡು ಹೇಳುತ್ತಿದ್ದಳು:

ಉಬ್ಬಿದ್ದೆಲ್ಲ ಬನ್ನಾಗೋದಿಲ್ಲ,
ಒಲೆ ಕಂಡ ಮೇಲೆ ಮಾತಾಡು.

ಇದನ್ನು ಬರೆದವರು ಯಾರು ಎಂದು ಮೇಡಂ ಕೇಳಿದರು. ಪಕ್ಕದಲ್ಲಿದ್ದ ಗಿರಾಕಿ, ಇನ್ಯಾರು, ನಮ್ಮ ಕವಿಗಳೇ ಇರಬೇಕು ಎಂದು ನನ್ನತ್ತ ಕೈ ತೋರಿಸಿದ. ಮೇಡಂ ಕಣ್ಣರಳಿಸಿ ನನ್ನನ್ನು ನೋಡಿದರು. ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಎಂದಾದರೂ ಪ್ರಶಸ್ತಿ ಬಂದರೆ ಇರಲಿ ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಟ್ಟುಕೊಂಡಿದ್ದ ಒಂದು ವಿನಯದ ನಗೆ ನನ್ನ ಹತ್ತಿರ ಇತ್ತು. ಅದನ್ನು ಹೊರತೆಗೆದೆ. ಇಲ್ಲ ಎನ್ನಲಿಲ್ಲ, ಹೌದೂ ಎನ್ನಲಿಲ್ಲ. ಒಳಗೆ ತಟ್ಟೆ ದಡಾರನೆ ಬಿತ್ತು.

ವಾರದೊಳಗೆ ಮೇಡಂ ಧ್ವನಿಮುದ್ರಣದ ಸರಂಜಾಮು ಹೊತ್ತು ಬಂದರು. ಹಾಡುಗಳು ನನ್ನ ಹೆಸರಿನಲ್ಲಿ ಪ್ರಸಾರವಾಗಲಿದ್ದವು. ನಾನು ಇಸ್ತ್ರಿ ಅಂಗಿ ತೊಟ್ಟಿದ್ದೆ, ರೇಡಿಯೋದಲ್ಲಿ ಅಂಗಿ ಕಾಣುತ್ತದೆ ಎಂಬಂತೆ. ನಾದಿನಿ ನನ್ನೊಡನೆ ಮಾತು ಬಿಟ್ಟಿದ್ದಳು. ಒಲೆಯ ಸದ್ದಿನೊಂದಿಗೇ ಹಾಡು ಬೇಕು ಎಂದು ಮೇಡಂ ಕೇಳಿದ್ದಕ್ಕೆ ಅವಳು ರಸ್ಕಿನ ತಟ್ಟೆ ತಳ್ಳಿ ಹಾಡತೊಡಗಿದಳು. ಮೂರು ನುಡಿ ನನಗೂ ಗೊತ್ತಿತ್ತು. ಅವು ಮುಗಿದವು ಎಂದು ನಾನು ಎದ್ದೆ. ಅವಳು ತಟ್ಟೆ ತೆಗೆಯದೆ ನನ್ನ ಕಡೆ ತಿರುಗಿದಳು.

"ಇನ್ನೊಂದು ನುಡಿ ಇದೆ ಭಾವ. ಅಕ್ಕ ಮೆಲ್ಲಗೆ ಹೇಳ್ತಿದ್ಲು, ನಿಮಗೆ ಕೇಳಿಸ್ತಿರ್ಲಿಲ್ಲ. ನಿಮ್ಮ ಮೇಲೇ ಕಟ್ಟಿರೋದು. ಬೇಡ ಅಂದ್ರೆ ಬಿಡ್ತೀನಿ. ಬಿಟ್ರೆ ರಸ್ಕ್ ಹಸಿ ಉಳಿಯುತ್ತೆ, ಅಷ್ಟೇ."

ಮೇಡಂ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಕ ಎಂಬ ಮಾತು ಅವರ ಕಿವಿಗೆ ಬಿದ್ದಾಗಿತ್ತು. ಆದರೂ ನನ್ನಂಥ ಜಾಣನಿಗೆ ದಾರಿ ಇತ್ತು: ಹಾಡುತ್ತಿದ್ದದ್ದು ಇವಳ ಅಕ್ಕ, ಬರೆದದ್ದು ನಾನು ಎಂದರೆ ಮುಗಿಯಿತು. ಒಂದು ತಟ್ಟೆ ರಸ್ಕ್ ಹಾಳಾಗುತ್ತದೆ, ಕೀರ್ತಿ ಉಳಿಯುತ್ತದೆ. ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ನನ್ನನ್ನು ತಡೆದದ್ದು ಸತ್ಯದ ಮೇಲಿನ ಪ್ರೀತಿಯಲ್ಲ. ನನ್ನ ಹೆಂಡತಿ ನನ್ನ ಬಗ್ಗೆ ಏನೋ ಹೇಳಿದ್ದಳು, ಅದು ನನಗೆ ಬೇಕಿತ್ತು. ಅವಳು ಹೋದ ಮೇಲೆ ಅವಳ ಒಂದು ಹೊಸ ಮಾತು ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಹಾಡಮ್ಮ" ಎಂದೆ.

ಗಲ್ಲಾದ ಮುಂದೆ ಕೂತವ ನನ್ನವ,
ಚಿಲ್ಲರೆ ಮರೆತು ಪ್ರಾಸವ ಹುಡುಕುವ,
ಸಿಕ್ಕರೆ ಬೀಗುವ, ಸಿಗದಿರೆ ಸಿಡುಕುವ.
ಸುಡಬೇಡ ಬೆಂಕಿಯೇ, ಮೆಲ್ಲಗೆ ಕಾಯಿಸು,
ಒಳಗಿನ್ನೂ ಹಸಿ ಇದ್ದಾನವ.

ನಾದಿನಿ ತಟ್ಟೆ ಎಳೆದಳು. ರಸ್ಕ್ ಹದವಾಗಿತ್ತು. ಇಸ್ತ್ರಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಇವು ಯಾವುವೂ ನನ್ನವಲ್ಲ, ಎಲ್ಲ ನನ್ನ ಹೆಂಡತಿಯವು ಎಂದು ಮೇಡಂಗೆ ಹೇಳಿದೆ. ಅವರು ನಕ್ಕು, ಕೊನೆಯ ನುಡಿ ಕೇಳಿದಾಗಲೇ ಗೊತ್ತಾಯಿತು ಎಂದರು.

ಈಗ ಅವಳ ಹಾಡು ಎಲ್ಲೆಲ್ಲೂ ಇದೆ. ಶಾಲೆಯ ಮಕ್ಕಳೂ ಹಾಡುತ್ತಾರೆ, ಸಭಾಂಗಣದಲ್ಲಿ ಅವಳ ಪಟ ತೂಗುಹಾಕಿದ್ದಾರೆ. ನನಗೂ ಬಡ್ತಿ ಸಿಕ್ಕಿದೆ: ಕವಿಯಾಗಿದ್ದವನು ಕವಿಯ ಗಂಡನಾಗಿದ್ದೇನೆ. ದೂರದಿಂದ ಬರುವವರು ಗಲ್ಲಾದತ್ತ ಬಗ್ಗಿ, ಆ ಹಸಿ ಮನುಷ್ಯ ನೀವೇನಾ ಎಂದು ವಿಚಾರಿಸುತ್ತಾರೆ. ಹೌದು, ನಾನೇ ಎನ್ನುತ್ತೇನೆ. ಈ ಸಲ ಅಭ್ಯಾಸದ ನಗೆ ಬೇಕಾಗುವುದಿಲ್ಲ.

ಮಧ್ಯಾಹ್ನದ ಸರದಿ ಈಗ ನನ್ನದು. ಹಾಡುಗಳನ್ನು ಕಲಿತಿದ್ದೇನೆ. ಬನ್ನು, ಬ್ರೆಡ್ಡು ಪರವಾಗಿಲ್ಲ ಎಂದು ನಾದಿನಿಯೂ ಒಪ್ಪುತ್ತಾಳೆ. ರಸ್ಕ್ ಮಾತ್ರ ಅಂಚು ಕಪ್ಪಾಗಿ ಬರುತ್ತದೆ. ಹಾಡು ಮರೆತು ಅಲ್ಲ. ಕೊನೆಯ ಸಾಲಿಗೆ ಬಂದಾಗ ಅದನ್ನೇ ಇನ್ನೊಮ್ಮೆ ಹಾಡುತ್ತೇನೆ, ಬೆಂಕಿ ನನಗಾಗಿ ಕಾಯುವುದಿಲ್ಲ.